ಸೀ ನೀರು

ಮೊದಲೇ ಹೇಳಿಬಿಡುತ್ತೇನೆ, ಇಬ್ಬರೂ ಕ್ಷೇಮವಾಗಿದ್ದಾರೆ. ಮಗಳು ಪಕ್ಕದ ಕೋಣೆಯಲ್ಲಿ ಬಣ್ಣದ ಪೆನ್ಸಿಲುಗಳನ್ನು ಚೂಪು ಮಾಡುತ್ತಾ ಕಸವನ್ನೆಲ್ಲ ನೆಲಕ್ಕೆ ಉದುರಿಸುತ್ತಿದ್ದಾಳೆ. ಅತ್ತೆ ಊರು ಸೇರಿ ವಾರಗಳಾದವು. ನಿನ್ನೆ ಫೋನಿನಲ್ಲಿ ಶೇಂಗಾ ಬಿತ್ತನೆಯ ಸುದ್ದಿ ಹೇಳಿದರು, ನನ್ನ ಕೆಮ್ಮು ವಿಚಾರಿಸಿದರು.

ಆದರೂ ಲಿಫ್ಟಿನ ಬಾಗಿಲು ಮುಚ್ಚಿಕೊಂಡಾಗ, ಬ್ಯೂನಾ ವಿಸ್ಟಾದ ನಮ್ಮ ಆಫೀಸಿನ ಮೀಟಿಂಗಿನಲ್ಲಿ ಯಾರೋ ಮಾತು ನಿಲ್ಲಿಸಿದಾಗ, ಆ ಚಿತ್ರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನೀರಿನ ನಡುವೆ ಉದ್ದನೆಯ ಮರಳ ದಿಬ್ಬ. ಅದರ ಮೇಲೆ ಹಸಿರು ಇಳಕಲ್ ಸೀರೆ, ಪಕ್ಕದಲ್ಲಿ ಹಳದಿ ಫ್ರಾಕು. ದಿಬ್ಬಕ್ಕೂ ನನಗೂ ನಡುವೆ ಚಹಾದ ಬಣ್ಣದ ನೀರು. ಆ ಚಿತ್ರದಲ್ಲಿ ನೀರು ಏರುತ್ತಲೇ ಇರುತ್ತದೆ, ನಿಜದಲ್ಲಿ ಏರಿದ್ದಕ್ಕಿಂತ ಬಹಳ ಮೇಲಕ್ಕೆ.

ನಮ್ಮ ಮನೆ ಇರುವುದು ಸೆಂಬವಾಂಗಿನಲ್ಲಿ, ಸಿಂಗಪುರದ ಉತ್ತರದ ಅಂಚಿನಲ್ಲಿ. ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ನೆಲ ಮುಗಿದು ನೀರು ಶುರುವಾಗುತ್ತದೆ. ನೀರಿನಾಚೆ ಮಲೇಷ್ಯಾ. ಭೂಪಟದಲ್ಲಿ ಅದು ಜಲಸಂಧಿ, ಅಂದರೆ ಎರಡು ನೆಲಗಳ ನಡುವೆ ತೂರಿಕೊಂಡ ಸಮುದ್ರದ ಒಂದು ಪಟ್ಟಿ. ಕಣ್ಣಿಗೆ ಮಾತ್ರ ಅದು ಹೊಳೆಯ ಹಾಗೆಯೇ ಕಾಣುತ್ತದೆ. ಆಚೆ ದಂಡೆಯ ಕಟ್ಟಡಗಳು, ಕ್ರೇನುಗಳು, ಸಂಜೆಯಾದರೆ ಅಲ್ಲಿಯ ದೀಪಗಳು ಎಲ್ಲವೂ ಸ್ಪಷ್ಟ. ಅಲೆ ಇಲ್ಲ, ಮೊರೆತ ಇಲ್ಲ. ಗಡಿ ಆ ನೀರಿನ ನಡುವೆ ಎಲ್ಲೋ ಇದೆ. ಅದನ್ನು ತೋರಿಸುವ ಗುರುತು ದಂಡೆಯಲ್ಲಿ ನಿಂತವರಿಗೆ ಕಾಣುವುದಿಲ್ಲ.

ಅತ್ತೆ ಕೃಷ್ಣಾ ನದಿಯ ದಂಡೆಯವರು. ಯಾವ ಊರಿಗೆ ಹೋದರೂ ಅವರ ಮೊದಲ ಪ್ರಶ್ನೆ, ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದು. ನಾನು ಮೈಸೂರಿನವಳು. ನಲ್ಲಿ ತಿರುಗಿಸಿದರೆ ಬರುವುದೇ ನೀರು ಎಂದುಕೊಂಡು ಬೆಳೆದವಳು. ಅವರಿಗೆ ನೀರೆಂದರೆ ಇನ್ನೊಬ್ಬರ ಸೀಮೆಯಿಂದ ಬರುವ ವಸ್ತು. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆ ಅಣೆಕಟ್ಟು ತುಂಬಿ ಗೇಟು ತೆಗೆದರೆ ಅವರ ಹೊಲದ ಬದುವಿಗೆ ನೀರು ಬರುತ್ತದೆ. ಮನೆಗೆ ಫೋನ್ ಮಾಡಿದಾಗ "ಮ್ಯಾಗಿನವರು ನೀರ ಬಿಟ್ಟಾರ" ಎಂದರೆ ಅದೊಂದು ಪೂರ್ತಿ ಸುದ್ದಿ. ಯಾರು, ಎಲ್ಲಿಂದ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅವರು ಬಂದ ಹೊಸದರಲ್ಲಿ ಒಂದು ಭಾನುವಾರ ನಾವೆಲ್ಲ ಬಸ್ಸಿನಲ್ಲಿ ಮಲೇಷ್ಯಾದ ಜೊಹೋರಿಗೆ ಹೋಗಿದ್ದೆವು. ಎರಡು ದೇಶಗಳ ನಡುವೆ ನೀರಿಗೆ ಅಡ್ಡಲಾಗಿ ಕಲ್ಲು ಮಣ್ಣು ತುಂಬಿ ಕಟ್ಟಿದ ದಾರಿಯೊಂದಿದೆ, ಕಾಸ್‌ವೇ. ಬಸ್ಸು ಅದರ ಮೇಲೆ ಆಮೆಯ ಹಾಗೆ ತೆವಳುತ್ತಿದ್ದಾಗ ಅತ್ತೆ ಕಿಟಕಿಗೆ ಮೂಗು ಹಚ್ಚಿ ಕೂತಿದ್ದರು. ರಸ್ತೆಯ ಪಕ್ಕದಲ್ಲಿ ಉದ್ದಕ್ಕೂ ಮಲಗಿದ್ದ ದಪ್ಪ ಪೈಪುಗಳನ್ನು ಕಂಡು ಮಗನನ್ನು ಕೇಳಿದರು.

"ಇವು ಏನೋ?"

"ನೀರಿನ ಪೈಪವ್ವಾ. ಆ ಕಡೆ ಒಂದ ಹೊಳಿ ಐತಿ. ಅದರ ನೀರು ಗಡಿ ದಾಟಿ ನಮ್ಮ ಕಡೆ ಬರತೈತಿ. ನಮ್ಮ ನಲ್ಲಿಗೆ ಬರೋದರಾಗ ಅದೂ ಒಂದಿಷ್ಟು ಇರತೈತಿ."

"ಅಂದ್ರ ಹೊಳಿ ಅವರದು, ಕುಡಿಯೋರು ನಾವು."

"ಹೂಂ. ಕರಾರು ಐತಿ."

"ಕರಾರು ನಮ್ಮಲ್ಲೂ ಐತಿ," ಎಂದರು ಅತ್ತೆ, ಕರಾರುಗಳನ್ನೆಲ್ಲ ಕಂಡವರ ದನಿಯಲ್ಲಿ. ಆಮೇಲೆ ಕಿಟಕಿಯ ಎರಡೂ ಕಡೆ ನಿಂತ ನೀರನ್ನು ನೋಡಿದರು. "ಮತ್ತ ಇದು ಬ್ಯಾರೇಜ ಏನು? ಗೇಟ ಎಲ್ಲಿ ಅದಾವು?"

ಅವರ ಊರ ಹತ್ತಿರ ಹೊಳೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನ ಮೇಲೆಯೇ ಬಸ್ಸುಗಳು ಓಡಾಡುತ್ತವೆ, ಕೆಳಗೆ ಗೇಟುಗಳಿರುತ್ತವೆ. ಗಂಡ ಏನೋ ಹೇಳಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಬಸ್ಸು ನಿಂತಿತು. ಪಾಸ್‌ಪೋರ್ಟು ತೋರಿಸಲು ಎಲ್ಲರೂ ಇಳಿದು ಓಡಿದರು, ನಾವೂ ಓಡಿದೆವು. ಆ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ. ಅತ್ತೆ ತಾವೇ ಉತ್ತರ ಕೊಟ್ಟುಕೊಂಡರು. ಮೇಲೆ ಹೊಳೆ, ಅಡ್ಡಲಾಗಿ ಬ್ಯಾರೇಜು, ಪೈಪಿನಲ್ಲಿ ಒಂದು ಪಾಲು ನೀರು, ಉಳಿದದ್ದು ಕೆಳಗೆ ನಮ್ಮ ಸೆಂಬವಾಂಗಿನ ಮುಂದೆ ಹರಿದುಹೋಗುವುದು. ಅವರು ಕಂಡ ಪ್ರಪಂಚದಲ್ಲಿ ಇದರಲ್ಲಿ ತಪ್ಪೇನೂ ಇರಲಿಲ್ಲ.

ಊರಿಗೆ ಹೊರಡುವ ಮುಂಚಿನ ವಾರ ಹೊಳೆಗೆ ಉಡಿ ತುಂಬಬೇಕು ಎಂದರು. ಅವರ ಕಡೆ ಮನೆಯಿಂದ ಹೊರಡುವ ಹೆಣ್ಣಿಗೆ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಕಣ ಎಂಬ ರವಿಕೆ ಬಟ್ಟೆ ಹಾಕುವ ಹಾಗೆ ಹೊಳೆಗೂ ಹಾಕುತ್ತಾರೆ.

"ಇಷ್ಟ ದಿನ ಅಕಿ ನೀರ ಕುಡದೀನಿ. ಹಂಗ ಎದ್ದ ಹೋಗಲೇನು?"

ಅದು ಹೊಳೆಯಲ್ಲ ಎಂದು ತಿದ್ದುವುದು ನನಗೆ ಆಗ ಮುಖ್ಯವೆನ್ನಿಸಲಿಲ್ಲ. ಇಲ್ಲಿ ನೀರಿಗೆ ಏನನ್ನೂ ಎಸೆಯುವಂತಿಲ್ಲ, ದಂಡ ಹಾಕುತ್ತಾರೆ ಎಂದೆ. ಎಸೆಯುವುದಿಲ್ಲ, ತೋರಿಸಿ ವಾಪಸು ತರುತ್ತೇನೆ ಎಂದರು. ಇನ್ನೊಂದು ಮಾತನ್ನೂ ನಾನು ಗಟ್ಟಿಯಾಗಿ ಹೇಳಿದೆ. ಅಲ್ಲಿ ಹಡಗುಗಳ ಎಣ್ಣೆ ಇರುತ್ತದೆ, ತೀರ್ಥ ಎಂದು ಒಂದು ಹನಿಯೂ ಬಾಯಿಗೆ ಹಾಕಬಾರದು. ಅದಕ್ಕೂ ಒಪ್ಪಿದರು.

ಮಗಳಿಗೆ ಜೂನ್ ತಿಂಗಳ ರಜೆ. ಗಂಡ ತಂಜಾಂಗ್ ಪಗಾರಿನ ತನ್ನ ಆಫೀಸಿಗೆ ಹೋಗಿದ್ದ. ನಾನು ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ದಂಡೆಯ ಪಾರ್ಕಿಗೆ ಹೋದೆ. ಬೆಳಗಿನ ಬಿಸಿಲು ಇನ್ನೂ ಮೆತ್ತಗಿತ್ತು. ನೀರು ಬಹಳ ಹಿಂದೆ ಸರಿದಿತ್ತು. ದಂಡೆಯ ಮುಂದೆ ಕಾಲು ಮುಳುಗುವಷ್ಟು ನೀರಿನ ಒಂದು ತಗ್ಗು, ಅದರಾಚೆ ಬೆನ್ನೆತ್ತಿ ಮಲಗಿದ ಮರಳಿನ ದಿಬ್ಬ, ಅದರಾಚೆ ಹರಿಯುವ ನೀರು.

"ಬ್ಯಾಸಿಗಿ ಹೊಳಿ ಹಂಗ ಐತಿ ನೋಡು," ಎಂದರು ಅತ್ತೆ ಸಂತೋಷದಿಂದ.

ನಿಂತ ನೀರಿಗೆ ಉಡಿ ತುಂಬುವುದಿಲ್ಲ, ಹರಿಯುವ ನೀರೇ ಬೇಕು. ಚಪ್ಪಲಿ ಬಿಟ್ಟು, ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಮೊಮ್ಮಗಳ ಕೈ ಹಿಡಿದು, ತಗ್ಗನ್ನು ದಾಟಿ ದಿಬ್ಬಕ್ಕೆ ಹೋದರು. ನಾನು ಚಪ್ಪಲಿ, ಚೀಲಗಳನ್ನು ಕಾಯುತ್ತಾ ಮರದ ಕೆಳಗೆ ಕೂತೆ. ಅವರು ದಿಬ್ಬದ ಅಂಚಿನಲ್ಲಿ ಕುಳಿತು ಅರಿಸಿನ ಕುಂಕುಮ ಹಚ್ಚಿದ್ದು, ಕುಬಸದ ಕಣ ನೀರಿಗೆ ತೋರಿಸಿ ಮಡಚಿಟ್ಟದ್ದು ಎಲ್ಲ ಕಾಣುತ್ತಿತ್ತು. ಪೂಜೆ ಮುಗಿದರೂ ಇಬ್ಬರೂ ಬರಲಿಲ್ಲ, ಚಿಪ್ಪು ಆರಿಸುತ್ತಾ ಕೂತರು. ನೋಡಲು ಅಷ್ಟು ಚೆಂದವಾಗಿತ್ತು ಎಂದರೆ ಕರೆಯಲು ನನಗೂ ಮನಸ್ಸಾಗಲಿಲ್ಲ. ಬಾಟಲಿಗೆ ನೀರು ತುಂಬಿಸಿಕೊಂಡು ಬರೋಣವೆಂದು ನಲ್ಲಿಯ ಕಡೆ ಹೋದೆ. ನಲ್ಲಿ ದೂರವಿತ್ತು, ಅಷ್ಟರೊಳಗೆ ಉಬ್ಬರ ಏರೀತೆಂದು ನನಗೂ ಹೊಳೆಯಲಿಲ್ಲ.

ತಿರುಗಿ ಬಂದಾಗ ತಗ್ಗು ಇರಲಿಲ್ಲ. ಅದರ ಜಾಗದಲ್ಲಿ ಅಗಲವಾದ ನೀರಿತ್ತು.

ಅತ್ತೆ ನೀರಿನ ಮೇಲೆ ಕಣ್ಣಿಟ್ಟುಕೊಂಡೇ ಕೂತಿದ್ದರು, ಅದು ನನಗೆ ಆಮೇಲೆ ತಿಳಿಯಿತು. ಹೊಳೆಯವರು ಹೊಳೆಯ ನಡುವೆ ಕೂತಾಗ ಮೇಲುಗಡೆಗೆ ಮುಖ ಮಾಡಿ ಕೂರುತ್ತಾರಂತೆ, ನೀರಿನ ಬಣ್ಣ ಕೆಂಪಾದರೆ, ನೊರೆ ಬಂದರೆ ಎದ್ದುಬಿಡಬೇಕಂತೆ. ಅವರು ಪಶ್ಚಿಮಕ್ಕೆ, ಬ್ಯಾರೇಜು ಎಂದುಕೊಂಡ ಕಾಸ್‌ವೇ ಇರುವ ದಿಕ್ಕಿಗೆ ಮುಖ ಮಾಡಿದ್ದರು. ಆದರೆ ಇಲ್ಲಿ ಸಮುದ್ರ ತೆರೆದುಕೊಂಡಿರುವುದು ಪೂರ್ವಕ್ಕೆ. ಉಬ್ಬರದ ನೀರು ಆ ಕಡೆಯಿಂದ ಅವರ ಬೆನ್ನ ಹಿಂದೆ ಬಂದು, ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗನ್ನು ಮೊದಲು ತುಂಬಿಕೊಂಡಿತು. ಬಣ್ಣ ಬದಲಾಗಲಿಲ್ಲ, ನೊರೆ ಬರಲಿಲ್ಲ, ಸದ್ದಾಗಲಿಲ್ಲ.

"ಅತ್ತೆ," ಎಂದು ಕೂಗಿದೆ. "ಬಂದ್ಬಿಡಿ. ನೀರು ಬರ್ತಿದೆ."

ಅವರು ಎದ್ದು ತಿರುಗಿ ನೋಡಿದರು. ಗಾಬರಿಯಾಗಲಿಲ್ಲ. ಮಗುವಿನ ಕೈ ಹಿಡಿದು ದಿಬ್ಬದ ಎತ್ತರದ ಭಾಗಕ್ಕೆ ನಡೆದು ಅಲ್ಲಿ ನಿಂತರು.

"ನೀರ ಬಿಟ್ಟಾರ," ಎಂದು ಅಲ್ಲಿಂದ ಕೂಗಿದರು. "ನೀ ಇಳೀಬ್ಯಾಡ. ಅಲ್ಲೇ ನಿಂದ್ರು."

"ಯಾರೂ ಬಿಟ್ಟಿಲ್ಲ ಅತ್ತೆ. ಇದು ಸಮುದ್ರ. ಉಬ್ಬರ ಇದು, ಉಬ್ಬರ."

"ಏನಬ್ಬರ?"

ಉಬ್ಬರ ಎಂಬ ಪದವನ್ನು ನಾನು ಶಾಲೆಯ ಭೂಗೋಳದ ಪರೀಕ್ಷೆ ಬರೆದ ಮೇಲೆ ಬಾಯಲ್ಲಿ ಆಡಿಯೇ ಇರಲಿಲ್ಲ. ಎಂಥ ಹೊತ್ತಿನಲ್ಲಿ ಅದನ್ನು ಹುಡುಕಿ ತೆಗೆದೆ. ಟೈಡ್ ಎಂದೆ, ಹೈಟೈಡ್ ಎಂದೆ. ಮಗಳು ಅಜ್ಜಿಯ ಸೆರಗು ಎಳೆಯುತ್ತಾ ಏನೋ ಹೇಳುತ್ತಿದ್ದಳು, ಗಾಳಿಗೆ ನನಗೆ ಕೇಳಿಸಲಿಲ್ಲ.

"ಎತ್ತರದಾಗ ಅದೀವಿ," ಅತ್ತೆ ನನ್ನನ್ನೇ ಸಮಾಧಾನ ಮಾಡುತ್ತಿದ್ದರು. "ಇಳದ ಹೋಗತೈತಿ, ತಡಿ. ಕೂಸಿನ್ನ ಕರಕೊಂಡು ಬಿಟ್ಟ ನೀರಾಗ ಇಳೀಲೇನು?"

ಅವರ ತಂದೆಯ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಹೊಳೆಯ ನಡುಗಡ್ಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದಾಗ ನೀರು ಬಂತು. ಜೊತೆಗಿದ್ದವರು ದಾಟಲು ಇಳಿದರು, ಇವರ ತಂದೆ ಎತ್ತರದಲ್ಲಿ ಎಮ್ಮೆಗಳ ನಡುವೆ ಇಡೀ ದಿನ ನಿಂತರು. ಸಂಜೆ ನೀರು ಇಳಿದ ಮೇಲೆ ಮನೆಗೆ ಬಂದದ್ದು ಅವರೊಬ್ಬರೇ. ಅತ್ತೆ ಹಟ ಮಾಡುತ್ತಿರಲಿಲ್ಲ. ತಮಗೆ ಗೊತ್ತಿದ್ದದ್ದರಲ್ಲೆಲ್ಲ ಅತಿ ಸುರಕ್ಷಿತವಾದದ್ದನ್ನೇ ಮೊಮ್ಮಗಳಿಗಾಗಿ ಮಾಡುತ್ತಿದ್ದರು. ಆದರೆ ಆ ದಿಬ್ಬ ದಿನಕ್ಕೆರಡು ಸಲ ಪೂರ್ತಿ ಮುಳುಗುವ ದಿಬ್ಬ. ನೀರು ತುಂಬಿದಾಗ ಅದರ ಮೇಲೆ ದೋಣಿ ಹೋಗುವುದನ್ನು ನಾನೇ ನೋಡಿದ್ದೇನೆ.

ನನಗೆ ಈಜು ಬರುವುದಿಲ್ಲ. ಅಲ್ಲೊಂದು ಕಂಬಕ್ಕೆ ಹಗ್ಗದ ಜೊತೆ ತೂಗುಹಾಕಿದ್ದ ರಬ್ಬರಿನಂಥ ದೊಡ್ಡ ಬಳೆ ಕಂಡಿತು, ನೀರಿಗೆ ಬಿದ್ದವರಿಗೆ ಎಸೆಯುವಂಥದ್ದು. ಅದನ್ನು ಕಿತ್ತುಕೊಂಡು ನೀರಿಗಿಳಿದೆ. ಇನ್ನೊಂದು ಕೈಯಲ್ಲಿ ಫೋನು. ತುರ್ತು ಸಹಾಯಕ್ಕೆ ಕರೆ ಮಾಡಲು ಬೆರಳು ಒತ್ತುತ್ತಿದ್ದೆ, ಬೆರಳು ಬೇರೆಲ್ಲೋ ಬೀಳುತ್ತಿತ್ತು.

"ಇಳೀಬ್ಯಾಡ ಅಂದ್ನೆಲ್ಲ," ಅತ್ತೆ ಈಗ ನಿಜವಾಗಿ ಸಿಟ್ಟಾದರು. "ಹಿಂದಕ ಸರಿ ಮೊದಲ."

ಅಷ್ಟರಲ್ಲಿ ಫೋನು ನಡುಗಿತು. ಒಂದು ಮೆಸೇಜು. ಈ ದಂಡೆಯಲ್ಲಿ ಹಾಗಾಗುವುದುಂಟು. ಆಚೆ ದಂಡೆಯ ಟವರು ಹತ್ತಿರವಾಗಿ, ನಾವು ಗಡಿ ದಾಟಿದ್ದೇವೆಂದು ತಿಳಿದು ಅಲ್ಲಿಯ ಫೋನ್ ಕಂಪನಿ ಮಲೇಷ್ಯಾಕ್ಕೆ ಸ್ವಾಗತ ಎಂದು ಕಳಿಸುತ್ತದೆ. ನಾನು ಅದನ್ನು ಓದಿದೆ. ಓದಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ.

"ಅತ್ತೆ, ಆ ಕಡೆಯವರ ಮೆಸೇಜ್ ಬಂತು. ಇನ್ನೂ ಗೇಟು ತೆಗೀತಾರಂತೆ."

ಅದನ್ನು ಯೋಚಿಸಿ ಹೇಳಲಿಲ್ಲ. ಯೋಚಿಸಿದ್ದರೆ ಮತ್ತೆ ಉಬ್ಬರ ಎಂದೇ ಕೂಗುತ್ತಿದ್ದೆನೋ ಏನೋ.

"ಎಷ್ಟ ಗೇಟ?"

"ಎಲ್ಲಾ."

ಎಲ್ಲ ಗೇಟು ತೆಗೆದರೆ ನಿಂತ ಎತ್ತರವೂ ಉಳಿಯುವುದಿಲ್ಲ ಎಂಬುದು ಅತ್ತೆಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಸೀರೆಯನ್ನು ಎತ್ತಿ ಕಚ್ಚೆ ಬಿಗಿದರು. ಮಗುವನ್ನು ಹೆಗಲ ಮೇಲೆ ಕೂರಿಸಿ, ಅದರ ಎರಡೂ ಕಾಲುಗಳನ್ನು ಎದೆಯ ಮೇಲೆ ಒತ್ತಿ ಹಿಡಿದು ನೀರಿಗಿಳಿದರು. ನನ್ನ ಕಡೆಗೆ ನೇರವಾಗಿ ಬರಲಿಲ್ಲ. ನೀರು ಹೋಗುತ್ತಿದ್ದ ದಿಕ್ಕಿಗೆ ಓರೆಯಾಗಿ, ಒಂದು ಕಾಲು ಊರಿದ ಮೇಲೆಯೇ ಇನ್ನೊಂದನ್ನು ಎತ್ತುತ್ತಾ ಬಂದರು. ನಾನೂ ಅವರು ಸೇರುವ ಕಡೆಗೆ ಸರಿಯುತ್ತಾ ಹೋದೆ. ನೀರು ನನ್ನ ಸೊಂಟಕ್ಕೆ ಬಂದಿತ್ತು. ಅತ್ತೆ ನನಗಿಂತ ಗಿಡ್ಡ.

ನಡುವೆ ಎಲ್ಲೋ ನೆಲ ಮೆತ್ತಗಿತ್ತು. ಅವರ ಒಂದು ಕಾಲು ಹೂತುಹೋಯಿತು, ಮುಖ ನೀರಿನೊಳಗೆ ಹೋಯಿತು. ಮೇಲೆ ಮಗಳು ಮಾತ್ರ ಕಾಣುತ್ತಿದ್ದಳು, ಹಳದಿ ಫ್ರಾಕು, ಎರಡೂ ಕೈ ಅಜ್ಜಿಯ ತುರುಬಿನಲ್ಲಿ. ನಾನು ದಿನವೂ ಮತ್ತೆ ಮತ್ತೆ ನೋಡುವುದು ಇದನ್ನೇ. ನನ್ನ ನೆನಪಿನಲ್ಲಿ ಅದು ಬಹಳ ಹೊತ್ತು. ಅತ್ತೆಯನ್ನು ಕೇಳಿದರೆ, ಒಂದು ಸಲ ಬಗ್ಗಿ ಎದ್ದೆ ಅಷ್ಟೇ ಎನ್ನುತ್ತಾರೆ.

ಮುಖ ಮೇಲೆ ಬಂತು. ಬಾಯಲ್ಲಿದ್ದ ನೀರನ್ನು ಉಗಿದರು.

"ಥೂ, ಸವಳ," ಎಂದರು.

ನಾನು ಎಸೆದ ಬಳೆ ಅವರ ಹತ್ತಿರ ಬೀಳಲಿಲ್ಲ. ಹಗ್ಗ ಎಳೆದುಕೊಂಡು ಮತ್ತೆ ಎಸೆದೆ. ಈ ಸಲ ಒಂದು ಕೈಯಲ್ಲಿ ಹಿಡಿದುಕೊಂಡರು. ನಾನು ಹಿಂದಕ್ಕೆ ನಡೆಯುತ್ತಾ ಎಳೆದೆ. ಅವರನ್ನು ಎಳೆದೆನೋ, ಅವರೇ ನಡೆದು ಬಂದರೋ ಹೇಳಲಾರೆ. ಮಗಳ ಕಣಕಾಲು ನನ್ನ ಕೈಗೆ ಸಿಕ್ಕಿತು. ತಣ್ಣಗಿತ್ತು, ಮರಳು ಮರಳಾಗಿತ್ತು. ಅದನ್ನು ಹಿಡಿದುಕೊಂಡೇ ದಂಡೆಯವರೆಗೆ ನಡೆದೆ. ದೂರದ ಜೆಟ್ಟಿಯ ಮೇಲೆ ಗಾಳ ಹಾಕುತ್ತಿದ್ದ ಒಬ್ಬ ಅಂಕಲ್ ನಮ್ಮ ಕಡೆ ಓಡಿ ಬರುತ್ತಿದ್ದವರು, ನಾವು ಮೇಲೆ ಬಂದದ್ದು ಕಂಡು ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತು ಏದುಸಿರು ಬಿಟ್ಟರು.

ಹುಲ್ಲಿನ ಮೇಲೆ ಮೂವರೂ ಕೂತೆವು. ನಾನು ಮಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದೆ, ಯಾಕೆಂದು ಗೊತ್ತಿಲ್ಲ. ಅವಳು ಚಿಪ್ಪುಗಳೆಲ್ಲ ಅಲ್ಲೇ ಉಳಿದವೆಂದು ಅಳುತ್ತಿದ್ದಳು. ಆ ಅಳು ಕೇಳಲು ಎಷ್ಟು ಹಿತವಾಗಿತ್ತೆಂದರೆ, ಇನ್ನೂ ಸ್ವಲ್ಪ ಅಳಲಿ ಎನ್ನಿಸಿತು.

ಅತ್ತೆ ಮಾತ್ರ ನಾಲಿಗೆಯನ್ನು ತುಟಿಗೆ ಸವರುತ್ತಾ ನೀರನ್ನೇ ನೋಡುತ್ತಿದ್ದರು.

"ಏ ಹುಡುಗಿ," ಎಂದರು ಮೊಮ್ಮಗಳ ಕಡೆ ತಿರುಗಿ. "ಅಲ್ಲಿ ಕೂತಾಗ ನಾ ನಿನ್ನ ಕೇಳಲಿಲ್ಲೇನು, ಈ ನೀರ ಸವಳೋ ಸೀನೋ ಅಂತ? ಏನಂದಿ ನೀ?"

"ಸೀ ಅಂದೆ."

"ಮತ್ತ ಉಪ್ಪ ಐತಲ್ಲ?"

"ಸೀ ಉಪ್ಪೇ ಇರತ್ತೆ, ಆಯಿ," ಮಗಳು ಅಳು ನಿಲ್ಲಿಸಿ ಕಣ್ಣರಳಿಸಿ, ಇಲ್ಲಿಯ ಮಕ್ಕಳ ಹಾಗೆ ಮಾತಿಗೊಂದು ಲಾ ಸೇರಿಸಿ ಹೇಳಿದಳು. "ಸೀ ಲಾ. ಸೀ ಅಂದ್ರೆ ಸಾಲ್ಟ್ ವಾಟರ್. ನಾನು ಎಷ್ಟು ಸಲ ಹೇಳಿದೆ, ಇದು ಸೀ, ಇದು ಸೀ ಅಂತ. ನೀನು ಹೂಂ, ಛಲೋ ಆತು ಅಂದೆ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅತ್ತೆಯ ಕಡೆ ಉಪ್ಪು ನೀರಿಗೆ ಸವಳು ನೀರು ಎನ್ನುತ್ತಾರೆ, ಕುಡಿಯುವ ಸಿಹಿ ನೀರಿಗೆ ಸೀ ನೀರು. ಮಗುವಿಗೆ ಗೊತ್ತಿದ್ದ ಸೀ ಶಾಲೆಯ ಇಂಗ್ಲಿಷಿನದು. ದಿಬ್ಬದ ಮೇಲೆ ಅಜ್ಜಿಯ ಸೆರಗು ಎಳೆಯುತ್ತಾ ಅವಳು ಕೂಗುತ್ತಿದ್ದದ್ದು ಇದನ್ನೇ. ಇದು ಸಮುದ್ರ ಎಂದು ಮಗು ಹೇಳಿದಷ್ಟೂ ಸಲ ಅಜ್ಜಿಗೆ ಇದು ಒಳ್ಳೆಯ ಹೊಳೆ ನೀರು ಎಂದು ಗಟ್ಟಿಯಾಗುತ್ತಾ ಹೋಯಿತು. ಬಾಯಿಗೆ ಹಾಕಬೇಡಿ ಎಂದು ನಾನು ಹೇಳಿದ್ದರಿಂದ ಅವರು ರುಚಿಯನ್ನೂ ನೋಡಿರಲಿಲ್ಲ.

ಅದನ್ನು ಅತ್ತೆಗೆ ಬಿಡಿಸಿ ಹೇಳಿದೆ. ಹೇಳುವಾಗ ನಡುವೆ ನಗು ಬಂದು, ನಗು ಅಳುವಾಗಿ, ಮಾತು ನಿಂತಿತು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಇದು ಸಮುದ್ರ."

"ಹೌದು ಅತ್ತೆ."

"ದಿನಾ ಹಿಂಗ ಬರತೈತಿ?"

"ದಿನಾ. ಬರುತ್ತೆ, ಹೋಗುತ್ತೆ."

"ಯಾರೂ ಬಿಡಂಗಿಲ್ಲ."

"ಇಲ್ಲ."

ಅವರು ಹಣೆ ಗಂಟಿಕ್ಕಿದರು. ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ಹುಡುಕುವವರ ಹಾಗೆ ನನ್ನನ್ನು ನೋಡಿದರು.

"ಮತ್ತ ಗೇಟ ತಗೀತಾರ ಅಂತ ಮೆಸೇಜ ಬಂತಂದಿ?"

"ಮೆಸೇಜ್ ಬಂತು," ಎಂದೆ. "ಮಲೇಷ್ಯಾಕ್ಕೆ ಸ್ವಾಗತ ಅಂತ ಬಂತು."

ಅತ್ತೆ ಬಯ್ಯುತ್ತಾರೆಂದುಕೊಂಡೆ. ಬಯ್ದಿದ್ದರೂ ನನಗೆ ಸುಖವಾಗುತ್ತಿತ್ತು. ಅವರು ಎದ್ದು, ಸೀರೆಯ ನೆರಿಗೆಗಳನ್ನು ಗಟ್ಟಿಯಾಗಿ ಹಿಂಡಿದರು. ಚೀಲದಿಂದ ಟವೆಲ್ ತೆಗೆದು ಮೊಮ್ಮಗಳ ಮೈ ಒರೆಸಿದರು, ಕಿವಿಯ ಹಿಂದಿನ ಮರಳನ್ನೂ ಬಿಡದೆ.

"ಛಲೋ ಸುಳ್ಳ ಹೇಳಿದಿ," ಎಂದರು, ನನ್ನ ಮುಖ ನೋಡದೆ. "ಇನ್ನೊಂದಿಷ್ಟ ಲಗೂನ ಹೇಳೂದಲ್ಲೇನು?"

ಆಮೇಲೆ ನನ್ನ ಹಿಂದೆ ಬಂದು ನಿಂತು, ಅದೇ ಟವೆಲನ್ನು ನನ್ನ ತಲೆಯ ಮೇಲೆ ಹಾಕಿ ಕೂದಲನ್ನು ಗಸಗಸ ಒರೆಸತೊಡಗಿದರು. ನನ್ನ ತಲೆ ನೆನೆದಿರಲಿಲ್ಲ. ಅವರ ಕೈ ತಾನಾಗಿ ನಿಲ್ಲುವವರೆಗೂ ಕತ್ತು ಬಗ್ಗಿಸಿ ಕೂತಿದ್ದೆ.